ಶುಭೇಚ್ಛುಕರ ಸಾಲಿನಲ್ಲಿ ಒಂದು ಮುಖ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನನ್ನ ಕಣ್ಣೆದುರು ನಡೆದದ್ದು, ಎಷ್ಟು ಆಮೇಲೆ ತಲೆಯೊಳಗೆ ಬಂದು ಸೇರಿಕೊಂಡದ್ದು ಎಂದು ಬೇರ್ಪಡಿಸಲು ನನ್ನಿಂದ ಈಗ ಆಗುವುದಿಲ್ಲ. ಹೋದದ್ದು ನಿಜ. ಮೂರು ದಿನ ಅಲ್ಲಿದ್ದದ್ದೂ ನಿಜ. ಮಳೆಗಾಲ ಮುಗಿದು ಸೆಕೆ ಶುರುವಾಗಿತ್ತು, ಅಂದರೆ ಅಕ್ಟೋಬರ್ ಇರಬೇಕು. ವರ್ಷ ಎರಡು ಸಾವಿರದ ಹದಿನಾಲ್ಕು ಎಂದು ಬರೆದು, ಹದಿನೈದು ಎಂದು ತಿದ್ದಿ, ಮತ್ತೆ ಹದಿನಾಲ್ಕಕ್ಕೇ ಮರಳಿದ್ದೇನೆ. ಮುಂಬೈ ಬಳಿಯ ಕಲ್ಯಾಣದ ಸಭೆಯಲ್ಲಿ ಮೊದಲು ಎದ್ದು ನಿಂತವರು ಯಾರು ಎಂದು ಅಲ್ಲಿದ್ದ ಇಬ್ಬರನ್ನು ಕೇಳಿದ್ದೇನೆ. ನನ್ನ ನೆನಪನ್ನೂ ಸೇರಿಸಿದರೆ ಮೂರು ಉತ್ತರಗಳಾಗುತ್ತವೆ. ಇತಿಹಾಸ ಪಾಠ ಮಾಡಿದವನಿಗೆ ಇದು ಹೊಸತಲ್ಲ. ಆದರೆ ತಾನೇ ಕೂತಿದ್ದ ಕೋಣೆಯ ಬಗ್ಗೆ ಹೀಗಾದರೆ ಸಂಕಟವಾಗುತ್ತದೆ.

ನಾನು ಆಗ ಶಿವಮೊಗ್ಗದ ಒಂದು ಕಾಲೇಜಿನ ಕೆಲಸ ಬಿಟ್ಟು ಇನ್ನೊಂದನ್ನು ಹಿಡಿಯದೆ ಓಡಾಡಿಕೊಂಡಿದ್ದೆ. ಡೊಂಬಿವಲಿಯ ಒಂದು ಕನ್ನಡ ಸಂಘದ ಕಾರ್ಯದರ್ಶಿ ಜಯಂತಿ ಎಂಬವರು ಫೋನ್ ಮಾಡಿದರು. ಅವರು ಅಲ್ಲಿನ ಶಾಲೆಯೊಂದರಲ್ಲಿ ಟೀಚರ್. ಯಹೂದಿಗಳ ಮೇಲೆ ಯುರೋಪಿನಲ್ಲಿ ನಡೆದ ದ್ವೇಷದ ಕುರಿತು ಒಂದು ಪ್ರದರ್ಶನ ಮಾಡುತ್ತಿದ್ದಾರಂತೆ. ಸಂಘ, ಒಂದು ಕಾಲೇಜು, ಪೊಲೀಸರ ಶಾಂತತಾ ಸಮಿತಿ, ಯಹೂದಿಗಳ ಒಂದು ಪ್ರಾರ್ಥನಾ ಮಂಡಳಿ, ಎಲ್ಲರೂ ಕೂಡಿ. ಮರಾಠಿ ಬರಹ ಕಾಲೇಜಿನವರದು, ಕನ್ನಡದ್ದು ನಾನು ಬರೆಯಬೇಕು. "ಡೊಂಬಿವಲಿಯಲ್ಲಿ ಯಾರಿಗೆ ಯಹೂದಿಗಳ ಮೇಲೆ ದ್ವೇಷ?" ಎಂದು ಕೇಳಿದೆ. "ಅದೇ ಸರ್ ನಮ್ಗೂ ಅರ್ಥ ಆಗ್ತಾ ಇಲ್ಲ. ನೀವು ಬನ್ನಿ," ಎಂದರು.

ಉಡುಪಿಯಿಂದ ಮಧ್ಯಾಹ್ನ ರೈಲು ಹತ್ತಿದೆ. ಸ್ಲೀಪರ್ ದರ ನಾನೂರರ ಮೇಲೆ ಎಷ್ಟೋ. ಬೆಳಗ್ಗೆ ಠಾಣೆ ಊರಿನ ಸ್ಟೇಷನ್ನಿನಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ತುಂಬ ಡಬ್ಬ ಹಿಡಿದ ಜನ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಜಯಂತಿಯವರು ಹತ್ತಿ ಸೀರೆ, ಹೆಗಲಿಗೊಂದು ಬಟ್ಟೆ ಚೀಲ. ಕಾಪುವಿನವರು, ಮದುವೆಯಾದ ಮೇಲೆ ಡೊಂಬಿವಲಿ. ಸ್ಟೇಷನ್ ಹೊರಗೆ ಅರ್ಧ ಲೋಟದ ಕಟಿಂಗ್ ಚಹಾ ಕುಡಿಯುತ್ತ ಪೂರ್ತಿ ವಿಷಯ ಹೇಳಿದರು.

ಆ ಊರುಗಳಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದರೆ ರಸ್ತೆಗೆ ಫ್ಲೆಕ್ಸ್ ಏರುತ್ತದೆ. ನಡುವೆ ಹುಟ್ಟುಹಬ್ಬದವರ ದೊಡ್ಡ ಚಿತ್ರ, ಕೆಳಗೆ ಸಾಲಾಗಿ ಸಣ್ಣ ಸಣ್ಣ ಮುಖಗಳು. ಈ ಮುಖಗಳ ಮೇಲೆ 'ಶುಭೇಚ್ಛುಕ' ಎಂದು ಬರೆದಿರುತ್ತದೆ. ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ವಾಸುದೇವ ಶೆಟ್ಟರಿಗೆ ಅರವತ್ತು ತುಂಬಿತು. ಬಹಳ ಶಿಸ್ತಿನ ಮನುಷ್ಯ. ಅವರ ಹೋಟೆಲಿನಲ್ಲಿ, ಮಾರುಕಟ್ಟೆಯಲ್ಲಿ, ಊರಲ್ಲಿ ಅವರಿಗೆ ಇದ್ದ ಹೆಸರು 'ಹಿಟ್ಲರ್ ಶೇಟ್', ಅಂದರೆ ಹಿಟ್ಲರ್ ಧಣಿ. ಕೆಲಸದವರು ಪ್ರೀತಿಯಿಂದ ಕಾಸು ಹಾಕಿ ಒಂದು ಫ್ಲೆಕ್ಸ್ ಮಾಡಿಸಿ ಸ್ಟೇಷನ್ನಿನ ಮೇಲ್ಸೇತುವೆಗೆ ಕಟ್ಟಿದರು. 'ಆಮ್ಚೇ ಹಿಟ್ಲರ್ ಶೇಟ್', ನಮ್ಮ ಹಿಟ್ಲರ್ ಶೇಟ್, ಎಂಬ ತಲೆಬರಹ. ಕಂದು ಸಮವಸ್ತ್ರ, ತೋಳಿಗೆ ಪಟ್ಟಿ, ಮೂಗಿನ ಕೆಳಗೆ ಆ ಮೀಸೆ, ಮೇಲೆ ಶೆಟ್ಟರ ನಗುಮುಖ. ಶುಭೇಚ್ಛುಕರ ಸಾಲಿನಲ್ಲಿ ಹೋಟೆಲಿನ ಹಳೆಯ ಗಿರಾಕಿಗಳೂ ಇದ್ದರು. ಅವರಲ್ಲಿ ಒಬ್ಬರು ಸಾಮ್ಸನ್ ಕಾಕಾ.

"ಸಾಮ್ಸನ್ ಕಾಕಾ ಯಹೂದಿ ಸರ್," ಎಂದರು ಜಯಂತಿ. "ಅವ್ರದ್ದು ಬೆನೆ ಇಸ್ರೇಲ್, ಕೊಂಕಣದ ಯಹೂದಿಗಳು. ಇಲ್ಲಿಯ ಅರ್ಧ ಜನ ಅವ್ರು ಕ್ರಿಶ್ಚಿಯನ್ ಅಂತ ಗ್ರಹಿಸಿದ್ದು. ನಾನೂ ಸುಮಾರು ವರ್ಷ ಹಾಗೇ ಗ್ರಹಿಸಿದ್ದೆ."

ಫ್ಲೆಕ್ಸ್ ಏರಿದ್ದು ಯಹೂದಿಗಳ ಉಪವಾಸದ ದಿನಕ್ಕೆ ಸರಿಯಾಗಿ. ಮರಾಠಿಯಲ್ಲಿ ಅವರು ಅದಕ್ಕೆ ಬಾಗಿಲು ಹಾಕುವ ಹಬ್ಬ ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದಾರೆ. ಇಸ್ರೇಲಿನ ಅಷ್ಡೋದ್‌ನಿಂದ ಹಬ್ಬಕ್ಕೆ ಬಂದಿದ್ದ ಕಾಕಾನ ತಂಗಿಯ ಮಗಳು ಓರ್ನಾ ಮರುದಿನ ಸೇತುವೆ ಹತ್ತಿದಾಗ ಹಿಟ್ಲರನ ಕೆಳಗೆ ತನ್ನ ಮಾವನ ಮುಖ ನೋಡಿದಳು. ಫೋನಿನಲ್ಲಿ ಚಿತ್ರ ತೆಗೆದಳು. ಸಂಜೆಯೊಳಗೆ ಅದು ಅಷ್ಡೋದ್ ತಲುಪಿತು, ಅಲ್ಲಿಂದ ಕಲ್ಯಾಣದ ಪ್ರಾರ್ಥನಾ ಮಂಡಳಿಗೆ ವಾಪಸ್ ಬಂತು. ಆ ಮಂಡಳಿಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದವರು ಕಾಕಾ. ಈಗ ಮಂಡಳಿಯ ಹಿರಿಯರು, ಫೋಟೊ ನೀನೇ ಕೊಟ್ಟದ್ದೋ ಅವರೇ ಹಾಕಿಕೊಂಡದ್ದೋ ಸ್ಪಷ್ಟವಾಗುವವರೆಗೆ ಮುಂದೆ ನಿಲ್ಲುವುದು ಬೇಡ ಎಂದಿದ್ದಾರೆ. ನಾನು ಬಂದ ಮೂರನೆಯ ದಿನ ಕಲ್ಯಾಣದಲ್ಲಿ ಪೊಲೀಸರೂ ಸೇರುವ ಸಭೆ. ಅನುಮತಿಯಿಲ್ಲದೆ ಫೋಟೊ ಬಳಸಿದರು ಎಂದು ಕಾಕಾ ದೂರಿಗೆ ಸಹಿ ಹಾಕಿದರೆ ಅವರ ಮೇಲಿನ ಮಾತು ಹೋಗುತ್ತದೆ, ಹೋಟೆಲಿನ ಕೆಲಸದವರ ಮೇಲೆ ಕೇಸು ಬೀಳುತ್ತದೆ. ಹಾಕದಿದ್ದರೆ ಕೆಲಸದವರು ಉಳಿಯುತ್ತಾರೆ, ಕಾಕಾ ಉಳಿಯುವುದಿಲ್ಲ.

ಇಷ್ಟನ್ನು ಅವರು ಹೇಳಿ ಮುಗಿಸುವಾಗ ನನ್ನ ಚಹಾ ತಣ್ಣಗಾಗಿತ್ತು.

ಕಾಕಾ ಮತ್ತು ಓರ್ನಾ ಅಂದು ಠಾಣೆಯ ಹಳೆಯ ಸಿನಗಾಗಿಗೆ, ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಬಂದಿದ್ದರು. ಹೊರಗೆ ಮರಳು ಚೀಲ ಪೇರಿಸಿಕೊಂಡು ಕೂತ ಪೊಲೀಸರು. ಮುಂಬೈ ದಾಳಿಯ ನಂತರ ಹೀಗೆ, ಎಂದರು ಜಯಂತಿ. ಪೇದೆ ನನ್ನ ಚೀಲ ನೋಡಿ, ಒಳಗಿದ್ದ ಬಾಳೆಹಣ್ಣು ಎಣಿಸುವವನಂತೆ ಮುಟ್ಟಿ ಬಿಟ್ಟ. ಸಾಮ್ಸನ್ ಕಾಕಾ ಗೇಟಿನ ಬಳಿ ನಿಂತಿದ್ದರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಅರ್ಧ ತೋಳಿನ ಶರಟು, ತಲೆಯ ಮೇಲೆ ಸಣ್ಣ ಟೋಪಿ.

"ಬರ್ರಿ ಬರ್ರಿ, ಪ್ರೊಫೆಸರ್ ಸಾಹೇಬ್ರ!" ಎಂದರು, ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ. ನಾನು ಬೆಪ್ಪಾದೆ. "ನೌಕರಿಯ ಅರ್ಧ ಹುಬ್ಬಳ್ಳಿ ರೇಲ್ವೆ ವರ್ಕ್‌ಶಾಪಿನಾಗ ಕಳದೇನ್ರಿ. ನಿಮಗ ಗಿರ್ಮಿಟ್ ಗೊತ್ತೈತಿಲ್ಲೊ? ನನಗ ಗೊತ್ತೈತಿ."

ನಾನು ಚಪ್ಪಲಿ ಬಿಚ್ಚಲು ಬಗ್ಗಿದೆ. "ಅದ ಇರ್ಲಿ, ತಲಿ ಮುಚ್ಕೊಳ್ರಿ," ಎಂದು ಕರವಸ್ತ್ರ ಕೊಟ್ಟರು. ಕರಾವಳಿಯ ದೇವಸ್ಥಾನಗಳಲ್ಲಿ ಅಂಗಿ ತೆಗೆದು ಅಭ್ಯಾಸವಾದವನಿಗೆ ತಲೆ ಮುಚ್ಚಿ, ಚಪ್ಪಲಿ ಹಾಕಿ ಒಳಗೆ ಹೋಗುವಾಗ ಎಲ್ಲವೂ ತಿರುವುಮುರುವು ಎನಿಸಿತು. ಮರದ ಬೆಂಚುಗಳು, ತೂಗುವ ದೀಪಗಳು. ಗೋಡೆಯ ಫಲಕದಲ್ಲಿ ಹೀಬ್ರೂ, ಅದರ ಪಕ್ಕ ಮರಾಠಿ.

"ನಮ್ಮ ಮಂದಿ ಹಡಗ ಒಡದು ಕೊಂಕಣದ ದಂಡಿಗೆ ಬಂದು ಬಿದ್ದರಂತ," ಎಂದರು ಕಾಕಾ. "ಗಾಣ ಹೊಡದು ಬದುಕಿದ್ರು. ಶನಿವಾರ ಗಾಣ ನಿಲ್ಲಸ್ತಿದ್ರು, ಅದಕ್ಕ ಊರಾಗಿನ ಮಂದಿ ಶನಿವಾರ ತೇಲಿ, ಶನಿವಾರದ ಗಾಣಿಗರು, ಅಂದ್ರು. ಇಷ್ಟ ನೋಡ್ರಿ, ಇಲ್ಲೆ ನಮಗ ಬಿದ್ದ ಪೆಟ್ಟು. ಒಂದ ಅಡ್ಡಹೆಸರು. ಹೊರಗಿನಿಂದ ಯಾರ ಬಂದ್ರೂ ನಾ ಹೇಳ್ತಿದ್ದೆ, ಈ ನಾಡಿನಾಗ ನಮ್ಮ ಮ್ಯಾಲೆ ಯಾರೂ ಕೈ ಎತ್ತಿಲ್ಲ ಅಂತ. ಜರ್ಮನಿಯವರು ಬಂದಿದ್ರು, ಅವರಿಗೂ ಹೇಳಿದೆ. ಅವರು ಅತ್ತರು."

"ಈಗ?" ಎಂದೆ.

"ಈಗ ಬಾಯಿ ತಗದ್ರ ಈಕಿ ಫೋನ್ ತೋರಸ್ತಾಳ."

ಓರ್ನಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನಲವತ್ತರ ಆಸುಪಾಸು. ಕನ್ನಡ ಬಾರದು. ಮರಾಠಿ ಬರುತ್ತಿತ್ತು, ಆದರೆ ಅದು ಅವಳಮ್ಮ ಊರು ಬಿಟ್ಟ ಕಾಲದ ಮರಾಠಿ. ಜಯಂತಿಯವರು ಆಮೇಲೆ ಹೇಳಿದರು, ಅಷ್ಟು ಚಂದದ ಮರಾಠಿಯನ್ನು ಈಗ ಡೊಂಬಿವಲಿಯಲ್ಲಿ ಅಜ್ಜಿಯರು ಮಾತ್ರ ಆಡುತ್ತಾರಂತೆ. ಅವಳ ಅಪ್ಪನ ಮನೆಯವರು ಪೋಲೆಂಡಿನವರು. ಆ ಕಡೆಯ ಅಜ್ಜಿಯ ಒಡಹುಟ್ಟಿದವರಲ್ಲಿ ಯುದ್ಧದ ಆಚೆ ದಡಕ್ಕೆ ಬಂದವರು ಯಾರೂ ಇಲ್ಲ. ಇದನ್ನು ಅವಳು ನನಗೆ ಇಂಗ್ಲಿಷಿನಲ್ಲಿ, ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದಳು.

"ಫೋಟೊ ಹೋಟೆಲಿನವರ ಕೈಗೆ ಹೇಗೆ ಸಿಕ್ಕಿತು?" ಎಂದು ನಾನು ಹಿಂದಿಯಲ್ಲಿ ಕೇಳಿದೆ. "ಗೊತ್ತಿಲ್ಲ" ಎಂಬ ಉತ್ತರ ಬಂತು. ಹೇಳಿದವರು ಕಾಕಾ ಎಂದು ಬಹಳ ದಿನ ನಂಬಿದ್ದೆ. ಈಗ ಯೋಚಿಸಿದರೆ ಆ ದನಿ ಓರ್ನಾಳದು. "ಉನ್ಕೋ ಕುಛ್ ಪತಾ ನಹೀಂ," ಅವರಿಗೆ ಏನೂ ಗೊತ್ತಿಲ್ಲ, ಎಂದಳು. ಕಾಕಾ ಆಗ ಬೆಂಚಿನ ಧೂಳು ಒರೆಸುತ್ತಿದ್ದರು.

ಠಾಣೆಯಿಂದ ಡೊಂಬಿವಲಿಗೆ ಲೋಕಲ್ ಟಿಕೆಟು ಹತ್ತು ರೂಪಾಯಿ. ಒಳಗೆ ನಾನು ನಿಂತಿರಲಿಲ್ಲ, ಜನ ನನ್ನನ್ನು ನಿಲ್ಲಿಸಿದ್ದರು. ಮುಂಬ್ರಾದ ನಂತರ ಸಮುದ್ರದ ಹಿನ್ನೀರು ಒಂದು ಕ್ಷಣ ಕಂಡಿತು. ಡೊಂಬಿವಲಿಯಲ್ಲಿ ಇಳಿಯುವುದು ಅಂದರೆ ಹೊರಕ್ಕೆ ಚೆಲ್ಲಲ್ಪಡುವುದು. ಗಾಳಿಯಲ್ಲಿ ಕಾರ್ಖಾನೆ ಕಡೆಯ ಒಂದು ಕಹಿ ವಾಸನೆ. "ನಮ್ಗೆ ಈಗ ಗೊತ್ತಾಗುದಿಲ್ಲ," ಎಂದರು ಜಯಂತಿ. ಸೇತುವೆಯ ಕಂಬಿಗೆ ಹರಿದ ದಾರದ ತುಂಡುಗಳಿದ್ದವು. ಅದೇ ಜಾಗ ಎಂದು ಅವರು ಬೆರಳು ಮಾಡಿದರು. ಈಗ ಅಲ್ಲಿ ಯಾವುದೋ ಪಾಲಿಕೆ ಸದಸ್ಯನ ಹುಟ್ಟುಹಬ್ಬದ ಫ್ಲೆಕ್ಸ್ ನಗುತ್ತಿತ್ತು.

ಶೆಟ್ಟರ ಹೋಟೆಲಿನಲ್ಲಿ ರೈಸ್ ಪ್ಲೇಟು ತಿಂದೆವು. ಸಾರು ಚೆನ್ನಾಗಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ವಾಸುದೇವ ಶೆಟ್ಟರು ಬಿಳಿ ಅಂಗಿಯ ಗುಂಡಗಿನ ಮನುಷ್ಯ. ಸ್ಟೀಲ್ ಲೋಟವೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ತೊಳೆಯುವ ಕಡೆಗೆ ವಾಪಸ್ ಕಳಿಸಿದರು. ಬಡಿಸುವವನೊಬ್ಬ ಒಳಗಿನವನಿಗೆ "ಹಿಟ್..." ಎಂದು ಕೂಗಲು ಹೊರಟು ಅರ್ಧದಲ್ಲಿ ನುಂಗಿ, "ಶೇಟ್ ನೋಡ್ತಿದ್ದಾರೆ!" ಎಂದ. ಹೆಸರು ಬಾಯಿಂದ ಇನ್ನೂ ಹೋಗಿರಲಿಲ್ಲ.

"ವಾಸಣ್ಣ, ಇವ್ರೇ ಊರಿಂದ ಬಂದ ಸರ್," ಎಂದರು ಜಯಂತಿ.

"ಎಂತ ಹೇಳುದು ಸರ್," ಎಂದರು ಶೆಟ್ಟರು. "ಹಿಟ್ಲರ್ ಅಂದ್ರೆ ಸ್ಟ್ರಿಕ್ಟು ಅಂತ ಅಲ್ವಾ ಮಾರಾಯ್ರೆ? ನಾನು ಕಲ್ತದ್ದು ಏಳನೇ ಕ್ಲಾಸು, ರಾತ್ರಿ ಶಾಲೆ. ನಮ್ಮ ಹೆಡ್‌ಮಾಸ್ಟ್ರಿಗೂ ಅದೇ ಹೆಸ್ರು. ಸಂತೆಯಲ್ಲಿ ತರಕಾರಿಯವ್ಳು ಕೂಡ 'ಹಿಟ್ಲರ್ ಬಂದ, ಒಳ್ಳೇ ಬದನೆ ತೆಗಿ' ಅಂತಿದ್ಳು. ನಂಗೆ ಖುಷಿಯೇ ಆಗ್ತಿತ್ತು, ಸುಳ್ಳು ಹೇಳುದಿಲ್ಲ. ಫ್ಲೆಕ್ಸ್ ನೋಡಿದಾಗ್ಲೂ ಖುಷಿ ಆಯ್ತು. ಕಾಕಾನ ಫೋಟೊ ಉಂಟು ಅಂತ ಇನ್ನೂ ಖುಷಿ. ಯಹೂದಿಗೂ ಹಿಟ್ಲರಿಗೂ ಎಂತ ಸಂಬಂಧ ಅಂತ ನಂಗೆ ಗೊತ್ತಿದ್ರೆ ಅಲ್ವಾ!"

"ಗೊತ್ತೇ ಇರಲಿಲ್ಲವೆ?"

"ಯುದ್ಧ ಮಾಡಿದ್ದು ಗೊತ್ತುಂಟು. ಇಷ್ಟು ಜನ್ರನ್ನು ಕೊಂದದ್ದು, ಅದೂ ಕಾಕಾನವ್ರನ್ನೇ ಹುಡುಕಿ ಹುಡುಕಿ ಕೊಂದದ್ದು, ಅದು ಜಯಂತಕ್ಕ ಹೇಳಿದ ಮೇಲೆ. ಆ ದಿವ್ಸ ನಂಗೆ ಊಟ ಸೇರ್ಲಿಲ್ಲ."

ಕಾಕಾ ದಿನಾ ಬೆಳಗ್ಗೆ ಇಲ್ಲಿ ಇಡ್ಲಿ ತಿನ್ನುತ್ತಿದ್ದರಂತೆ. ಯಹೂದಿಗಳ ಮಲಿದಾ ಪೂಜೆಗೆ ಅವಲಕ್ಕಿ, ತೆಂಗಿನಕಾಯಿ, ಏಲಕ್ಕಿ ಕಲೆಸಿ ಕಳಿಸುತ್ತಿದ್ದದ್ದೂ ಈ ಅಡುಗೆಮನೆಯೇ. ಇಲ್ಲಿ ಮಾಂಸ ಬೇಯುವುದಿಲ್ಲವಾದ್ದರಿಂದ ಅವರ ಆಹಾರ ನಿಯಮಕ್ಕೆ ಅಡ್ಡಿಯಿಲ್ಲ. "ನಮ್ಮ ಪಂಚಕಜ್ಜಾಯವೇ ಸರ್ ಅದು, ಹೆಸ್ರು ಬೇರೆ," ಎಂದರು ಶೆಟ್ಟರು. "ಹಬ್ಬದ ಮೇಲೆ ಕಾಕಾ ಈ ಮೆಟ್ಲು ಹತ್ಲಿಲ್ಲ. ಆಚೆ ಬದಿಯ ಫುಟ್‌ಪಾತಿನಲ್ಲಿ ಹೋಗ್ತಾರೆ. ನಾನು ಗಲ್ಲೆಯಿಂದ ನೋಡುದು. ಅವ್ರೂ ನೋಡುದಿಲ್ಲ ಅಂತಿಲ್ಲ."

ಫ್ಲೆಕ್ಸನ್ನು ಇಳಿಸಿದವರು ಯಾರು ಎಂದು ಕೇಳಿದೆ. ತಾನೇ ಏಣಿ ಹತ್ತಿ ಕತ್ತರಿಸಿದೆ ಎಂದರು ಶೆಟ್ಟರು. ಹೊರಗೆ ಬಂದ ಮೇಲೆ ಜಯಂತಿಯವರು, "ಅವ್ರು ಹೋಗುವಾಗ ಮಳೆಗೆ ಅರ್ಧ ಹರಿದಿತ್ತು," ಎಂದರು. ಮಹಾನಗರಪಾಲಿಕೆಯ ತಂಡ ತಾನು ತೆಗೆಸಿದ್ದಾಗಿ ಹೇಳುತ್ತಿದೆಯಂತೆ. ಮೂರೂ ನಿಜವಾಗಿರಬಹುದೇ? ಒಂದು ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿಯೇ ಹೀಗಾದರೆ ಅರವತ್ತು ಲಕ್ಷ ಜನರ ಸಾವಿನ ಬಗ್ಗೆ ನಾನು ಯಾವ ಧೈರ್ಯದ ಮೇಲೆ ಫಲಕ ಬರೆಯಲಿ ಎಂದು ಆ ಸಂಜೆ ಸಂಘದ ಕೋಣೆಯಲ್ಲಿ ಪೆನ್ನು ಹಿಡಿದು ಕೂತಿದ್ದೆ. ಆಮೇಲೆ ಬರೆದೆ. ಅಲ್ಲಿ ಅನುಮಾನಕ್ಕೆ ಜಾಗ ಇರಲಿಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಗಟ್ಟಿಯಾಗಿ ದಾಖಲಾದ ಸಂಗತಿಗಳು ಕಡಿಮೆ.

ಎರಡನೆಯ ದಿನ ತುರ್ಭೆಗೆ ಹೋದೆವು. ಫಲಕಗಳನ್ನು ಅಲ್ಲಿನ ಒಂದು ಫ್ಲೆಕ್ಸ್ ಮುದ್ರಣದ ಗಾಳೆ ಎಂಬ ಸಣ್ಣ ಮಳಿಗೆಯಲ್ಲಿ ಮಾಡಿಸುತ್ತಿದ್ದರು. ಕನ್ನಡ ಅಕ್ಷರ ಒಡೆದಿದೆಯೇ ಎಂದು ನಾನು ನೋಡಬೇಕಿತ್ತು. ಠಾಣೆಗೆ ವಾಪಸ್ ಬಂದು ವಾಶಿ ಕಡೆಯ ಲೋಕಲ್ ಹಿಡಿದೆವು. ಅದರಲ್ಲಿ ಗಾಳಿಯಾಡುತ್ತಿತ್ತು, ಕೂರಲು ಜಾಗವೂ ಸಿಕ್ಕಿತು. ತುರ್ಭೆ ಸ್ಟೇಷನ್ನಿನ ಹೊರಗೆ ಲಾರಿಗಳ ಸಾಲು, ಹಮಾಲರ ಗುಂಪು. ಶೇರ್ ರಿಕ್ಷಾದಲ್ಲಿ ಮೂವರ ಜಾಗದಲ್ಲಿ ಐವರು. ಚೌಕಟ್ಟಿನ ಪೈಪು ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಿಂದ ಇನ್ನೂ ಬಂದಿರಲಿಲ್ಲ. ಗಾಳೆಯ ಶರಣಪ್ಪ ಆಳಂದದ ಕಡೆಯವನು, ಕೈಯೆಲ್ಲ ಶಾಯಿ.

"ಬರ್ರಿ ಅಕ್ಕೋರೆ. ಪೈಪ ಇವತ್ತ ಬರ್ತದ, ನಾಳಿ ಬರ್ತದ, ಆದ್ರ ಬರ್ತದ್ರಿ," ಎಂದ.

ಯಂತ್ರ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಸುರುಳಿಯ ಮೇಲೆ ಮುಖ ಬಿಡಿಸುತ್ತಿತ್ತು. ಮೊದಲು ಕಣ್ಣು, ಆಮೇಲೆ ಮೂಗು. ತಲೆ ಸುತ್ತುವ ವಾಸನೆ. ನನ್ನ ಫಲಕಗಳನ್ನು ತೆರೆಯ ಮೇಲೆ ತೋರಿಸಿದ. ಒತ್ತಕ್ಷರ ನಾಲ್ಕು ಕಡೆ ಕೆಟ್ಟಿತ್ತು. ಸರಿ ಮಾಡುತ್ತಲೇ ಅವನು ತಾನಾಗಿ ಮಾತು ತೆಗೆದ.

"ಆ ಶೇಟ್‌ದು ಫ್ಲೆಕ್ಸ್ ಹೊಡದಾಂವ ನಾನೇ ನೋಡ್ರಿ ಸರ. ನಮ್ಮ ಕಂಪ್ಯೂಟರಿನಾಗ ಬಾಡಿ ಅದಾವ. ರಾಜಂದು, ಪೊಲೀಸಂದು, ಮಿಲಿಟ್ರಿದು, ಹಿಟ್ಲರಂದು. ಮಾರಿ ಕೊಟ್ರ ಕೂಡಸ್ತೀವಿ. ಹೋದ್ ವರ್ಷ ಒಬ್ಬ ಹೆಡ್‌ಕ್ಲರ್ಕಿಗಿ ಅದೇ ಬಾಡಿ ಹಾಕೀನಿ. ಯಾರೂ ಏನೂ ಅನ್ಲಿಲ್ಲ."

"ಮತ್ತೆ ಕೆಳಗಿನ ಫೋಟೊಗಳು?"

"ಹೋಟೆಲಿನ ಕ್ಯಾಷಿಯರ್ ಕಳಸ್ದ. ಒಂದು ಮಾತ್ರ ಲೇಟ್ ಆಯ್ತು, ಆ ಟೊಪಗಿ ಮುತ್ಯಾಂದು. ಆಂವ ಸ್ವತಃ ಫೋಟೊ ಸ್ಟುಡಿಯೋಕ್ಕ ಹೋಗಿ ತೆಗಸ್ಕೊಂಡು, ವಾಟ್ಸ್ಯಾಪ್ ಮಾಡ್ಯಾನಂತ. ಫೋಟೊ ಚಂದ ಬಂದದ ಅಂತ ನನಗ ಫೋನೂ ಮಾಡಿದ್ದ, ಕನ್ನಡದಾಗೇ. ಕೋಟು ಗೀಟು ಹಾಕ್ಕೊಂಡಿದ್ದ."

ಸಂಶಯದ ಮನುಷ್ಯನಿಗೆ ಇಂಥ ಮಾತು ಕೇಳಿದರೆ ಮೊದಲು ಆಗುವುದು ಸಂತೋಷ. ಒಂದು ಬಿರುಕು ಸಿಕ್ಕಿತಲ್ಲ ಎಂದು. ಅದು ಇಳಿದ ಮೇಲೆ ಕೋಟು ಹಾಕಿಕೊಂಡು ಸ್ಟುಡಿಯೋದ ಸ್ಟೂಲಿನ ಮೇಲೆ ನೆಟ್ಟಗೆ ಕೂತ ಮುದುಕ ಕಾಣಿಸಿದ. ಗೆಳೆಯನ ಹುಟ್ಟುಹಬ್ಬದ ಫ್ಲೆಕ್ಸಿಗೆ ಒಳ್ಳೆಯ ಫೋಟೊ ಬೇಕೆಂದು ಹೋದವರು. ನಡುವಿನ ಚಿತ್ರ ಏನಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅಥವಾ ಹೇಳಿದ್ದರೆ? ನಾನು ಶರಣಪ್ಪನನ್ನು ಕೇಳಲಿಲ್ಲ.

ವಾಪಸ್ ಬರುವಾಗ ಲೋಕಲ್ ರಬಾಳೆ ಸ್ಟೇಷನ್ ದಾಟಿತು. ಆಮೇಲೆ, "ಸರ್, ಇದು ನಾಳೆ ಸಭೆಯಲ್ಲಿ ನಿಮ್ಮ ಬಾಯಲ್ಲಿ ಬರುದು ಬೇಡ," ಎಂದರು ಜಯಂತಿ.

"ನಿಜ ಅಲ್ಲವೆ ಅದು?"

"ನಿಜವೇ. ಅದು ಅವ್ರದ್ದು ನಿಜ. ನೀವು ನಾಳೆ ರೈಲು ಹತ್ತಿ ಹೋಗ್ತೀರಿ ಮಾರಾಯ್ರೆ. ಅವ್ರು ಶನಿವಾರ ಆ ಹಿರಿಯರ ಎದ್ರು ಕೂರ್ಬೇಕು."

"ಅವರು ಸುಳ್ಳು ದೂರಿಗೆ ಸಹಿ ಹಾಕಿದರೆ ಹೋಟೆಲಿನವರ ಗತಿ?"

"ಅದು ನಂಗೆ ಗೊತ್ತಾಗುದಿಲ್ಲ," ಎಂದು ಕಿಟಕಿಯಿಂದ ಹೊರಗೆ ನೋಡಿದರು. ಆ ಕ್ಯಾಷಿಯರ್ ಅವರ ಶಾಲೆಯಲ್ಲಿ ಕಲಿತವನು ಎಂದು ಆಮೇಲೆ ತಿಳಿಯಿತು.

ಮೂರನೆಯ ದಿನ ಡೊಂಬಿವಲಿಯಿಂದ ಕಲ್ಯಾಣಕ್ಕೆ ಐದು ರೂಪಾಯಿ. ನಡುವೆ ಠಾಕುರ್ಲಿ ಒಂದೇ ನಿಲ್ದಾಣ. ಸಭೆ ಕಾಲೇಜಿನ ಮೊದಲ ಮಹಡಿಯ ಒಂದು ಕೋಣೆಯಲ್ಲಿ. ಮೇಜಿನ ಮೇಲೆ ಹೂಗುಚ್ಛ, ನೀರಿನ ಬಾಟಲಿ, ವಡಾಪಾವಿನ ಪೊಟ್ಟಣ. ಪೊಲೀಸ್ ಅಧಿಕಾರಿಗೆ ಶಾಲು, ಪ್ರಾಂಶುಪಾಲರಿಗೆ ಶಾಲು, ಪಾಲಿಕೆಯ ಅಧಿಕಾರಿಗೆ ಶಾಲು, ನನಗೂ ಒಂದು. ಕಾಕಾಗೆ ಹೊದಿಸಲು ಬಂದಾಗ ಅವರು ಕೈ ಅಡ್ಡ ಹಿಡಿದರು. ಮಂಡಳಿಯ ಹಿರಿಯರು ಮೂವರು ಗೋಡೆಗೆ ಒರಗಿ ಕೂತಿದ್ದರು. ಶೆಟ್ಟರು ಬಾಗಿಲ ಬಳಿ, ಹೊಸ ಅಂಗಿ.

ಅಧಿಕಾರಿಯದು ಸೌಮ್ಯ ಮಾತು. ಇದೊಂದು ಗೈರ್‌ಸಮಜು, ಅಂದರೆ ತಪ್ಪು ತಿಳಿವಳಿಕೆ, ಊರಿನ ಶಾಂತಿ ಮುಖ್ಯ ಎಂದರು. ಪ್ರಾಂಶುಪಾಲರು ಜಾಗೃತಿ ಎಂಬ ಪದವನ್ನು ಬಹಳ ಸಲ ಹೇಳಿದರು. ಪಾಲಿಕೆಯವರು ಫ್ಲೆಕ್ಸಿಗೆ ಅನುಮತಿ ಇರಲಿಲ್ಲ, ಆದ್ದರಿಂದ ತೆರವು ಮಾಡಿದ್ದೇವೆ ಎಂದರು.

"ಅನುಮತಿ ಇದ್ದಿದ್ದರೆ?" ಎಂದು ನಾನು ಕೇಳಿದೆ.

ಅವರು ಪ್ರಾಮಾಣಿಕರು. "ಅವಧಿ ಮುಗಿಯುವವರೆಗೆ ಇರುತ್ತಿತ್ತು," ಎಂದರು.

ಯಾರೂ ನಗಲಿಲ್ಲ. ನನಗೆ ತಿಳಿಯದಾದದ್ದು ಅಲ್ಲಿಯೇ. ಎಲ್ಲರೂ ಸಹಕರಿಸುತ್ತಿದ್ದರು. ಯಾವುದರ ವಿರುದ್ಧ ಎಂಬುದು ಮಾತ್ರ ಪ್ರತಿಯೊಬ್ಬರಿಗೂ ಬೇರೆ ಬೇರೆ. ಒಬ್ಬರಿಗೆ ಗಲಾಟೆ, ಇನ್ನೊಬ್ಬರಿಗೆ ಪರವಾನಗಿ ಇಲ್ಲದ ಪ್ಲಾಸ್ಟಿಕ್. ಸಂಘದವರಿಗೆ ಕನ್ನಡಿಗರ ಮಾನ. ದ್ವೇಷ ಎಂಬುದನ್ನು ನಾನು ಪುಸ್ತಕದಲ್ಲಿ ಬಲ್ಲೆ, ಅದಕ್ಕೊಂದು ಮುಖವಿರುತ್ತದೆ, ಕೂಗಿರುತ್ತದೆ. ಇಲ್ಲಿ ಇದ್ದದ್ದು ಬಾಗಿಲ ಬಳಿ ಬೆವರುತ್ತಿದ್ದ ಒಬ್ಬ ಹೋಟೆಲಿನವರು. ಹಾಗೆಂದು ಕಾಕಾಗೆ ನೋವಾಗಿಲ್ಲ ಎನ್ನಲು ಸಾಧ್ಯವೆ?

ಅಧಿಕಾರಿ ದೂರಿನ ಕಾಗದವನ್ನು ಕಾಕಾ ಕಡೆಗೆ ಸರಿಸಿದರು. ಓರ್ನಾ ಪೆನ್ನು ತೆಗೆದು ಕೊಟ್ಟಳು.

ಮುಂದಿನದು ನನ್ನ ನೆನಪಿನ ಪ್ರಕಾರ. ಕಾಕಾ ಎದ್ದು ನಿಂತರು. ಪೆನ್ನನ್ನು ಮೇಜಿನ ಮೇಲಿಟ್ಟರು. ಮರಾಠಿಯಲ್ಲಿ, ನಿಧಾನವಾಗಿ ಹೇಳಿದರು: "ಫೋಟೊ ಕೊಟ್ಟವನು ನಾನೇ. ಕೋಟು ಹಾಕಿ ತೆಗೆಸಿಕೊಂಡು ಕೊಟ್ಟೆ. ನಡುವೆ ಏನು ಬರುತ್ತದೆ ಎಂದು ಕೇಳಲಿಲ್ಲ. ಆದರೆ ಕೇಳಿದ್ದರೂ ಕೊಡುತ್ತಿದ್ದೆನೋ ಏನೋ. ಯಾಕೆಂದರೆ ನಾನೂ ಅವನನ್ನು ಹಿಟ್ಲರ್ ಎಂದೇ ಕರೆಯುತ್ತಿದ್ದೆ. ದಿನಾ ಬೆಳಗ್ಗೆ. ಹಿಟ್ಲರ್, ಚಟ್ನಿ ಹಾಕು ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನನ್ನ ತಂಗಿಯ ಗಂಡನ ಮನೆಯ ಕತೆ ನನಗೆ ಗೊತ್ತಿತ್ತು. ಈ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದವನು ನಕ್ಕರೆ ಗೊತ್ತಿಲ್ಲದವರು ಏನು ಮಾಡಬೇಕು?"

ಆಮೇಲೆ ಶೆಟ್ಟರ ಕಡೆ ತಿರುಗಿ ಕನ್ನಡದಲ್ಲಿ, "ವಾಸೂ, ನಿನ್ನ ಹೆಸರು ಭಾಳ ಚಲೋ ಐತೋ ಮಾರಾಯ. ನಾ ಒಂದ ಸಲನೂ ಕರೀಲಿಲ್ಲ," ಎಂದರು.

ಜಯಂತಿಯವರ ನೆನಪಿನಲ್ಲಿ ಮೊದಲು ಎದ್ದವರು ಶೆಟ್ಟರು. "ಕೇಸು ನನ್ನ ಮೇಲೆ ಹಾಕಿ, ಹುಡುಗ್ರನ್ನು ಬಿಡಿ" ಎಂದು ಹಿಂದಿಯಲ್ಲಿ ಕೂಗಿದರಂತೆ, ಅದನ್ನು ಕೇಳಿ ಕಾಕಾ ಎದ್ದರಂತೆ. ನಾನು ಅದೇ ಕೋಣೆಯಲ್ಲಿದ್ದೆ, ಆ ಕೂಗು ನನಗೆ ಕೇಳಿಸಿದ್ದೇ ಇಲ್ಲ. ಪೊಲೀಸ್ ಅಧಿಕಾರಿಯನ್ನು ಒಮ್ಮೆ ಫೋನಿನಲ್ಲಿ ಕೇಳಿದಾಗ, ಯಾರೂ ಎದ್ದು ನಿಲ್ಲಲಿಲ್ಲ, ಚರ್ಚೆ ಸಹಮತದಿಂದ ಮುಗಿಯಿತು ಎಂದರು.

ಸಹಿ ಬೀಳಲಿಲ್ಲ, ಇದು ಮೂವರ ನೆನಪಿನಲ್ಲೂ ಒಂದೇ. ಮಂಡಳಿಯ ಹಿರಿಯರು ಎದ್ದು ಹೋದರು. ಅವರಲ್ಲಿ ಒಬ್ಬರು ಹೋಗುವಾಗ ಕಾಕಾನ ಭುಜ ಮುಟ್ಟಿದರೋ ಕುರ್ಚಿಯ ಬೆನ್ನು ಹಿಡಿದರೋ ನಾನು ಕೂತ ಜಾಗದಿಂದ ಗೊತ್ತಾಗಲಿಲ್ಲ. ಉಳಿದವರು ವಡಾಪಾವು ಬಿಚ್ಚಿದ ಮೇಲೆ ಕೆಲಸದ ಮಾತು ಶುರುವಾಯಿತು. ಮುದ್ರಣದವರಿಗೆ ಅಂಥ ಚಿತ್ರ ಅಳಿಸಿಹಾಕಲು ಪೊಲೀಸರು ಹೇಳುವುದು, ಪ್ರದರ್ಶನವನ್ನು ಕಾಲೇಜು ಊರೂರಿಗೆ ಒಯ್ಯುವುದು, ಚೌಕಟ್ಟು ಹೊರಲು ಶೆಟ್ಟರ ಕೆಲಸದವರು ಹೋಗುವುದು. ಆ ಫ್ಲೆಕ್ಸಿನ ವಿಷಯ ಪ್ರದರ್ಶನದಲ್ಲಿ ಬರಬಾರದು, ಮತ್ತೆ ಗಾಯ ಕೆದಕಿದಂತಾಗುತ್ತದೆ ಎಂದರು ಅಧಿಕಾರಿ. ಬರಬೇಕು ಎಂದರು ಕಾಕಾ. ಅಲ್ಲಿಗೆ ಮಾತು ನಿಂತಿತು.

ಓರ್ನಾ ವರಾಂಡದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದಳು: "ನೀವು ಓದಿದವರು. ಇವರು ನಮ್ಮನ್ನು ದ್ವೇಷಿಸುತ್ತಾರೋ ಇಲ್ಲವೋ?"

"ಇಲ್ಲ," ಎಂದೆ.

"ಹಾಗಾದರೆ ಇದನ್ನು ಏನೆಂದು ಕರೆಯುತ್ತೀರಿ?"

ಅಜ್ಞಾನ ಎನ್ನಬೇಕೆಂದಿದ್ದೆ, ಆದರೆ ಒಳಗೆ ಗೊತ್ತಿದ್ದವರೂ ನಕ್ಕದ್ದನ್ನು ಈಗಷ್ಟೇ ಕೇಳಿದ್ದೆ. ಅವಳು ಕಾಯಲಿಲ್ಲ. "ಮಾವನನ್ನು ನನ್ನ ಜೊತೆ ಕರೆದುಕೊಂಡು ಹೋಗಲು ಬಂದಿದ್ದೆ. ಈಗ ಬರುವುದಿಲ್ಲ ಅವರು. ಈಗ ಇಲ್ಲಿ ಕೆಲಸವಿದೆ ಎನ್ನುತ್ತಾರೆ," ಎಂದು ಸೆರಗಿಲ್ಲದವಳು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಳು.

ಮಧ್ಯಾಹ್ನ ಠಾಣೆಯಿಂದ ರೈಲು ಇತ್ತು. ಕಲ್ಯಾಣದ ಪ್ಲಾಟ್‌ಫಾರ್ಮಿನವರೆಗೆ ಜಯಂತಿ ಬಂದರು. ಮೇಲಿನ ಸೇತುವೆಯಲ್ಲಿ ಶೆಟ್ಟರೂ ಕಾಕಾನೂ ಹೋಗುತ್ತಿರುವುದು ಕಂಡಿತು. ಒಟ್ಟಿಗೆ ಎಂದು ಹೇಳಲಾರೆ. ನಡುವೆ ಎರಡು ಮಾರು ಅಂತರವಿತ್ತು, ಇಬ್ಬರ ನಡುವೆ ಜನ ನುಗ್ಗುತ್ತಿದ್ದರು. ಶೆಟ್ಟರು ಮೆಟ್ಟಿಲ ಬಳಿ ನಿಂತರು. ಕಾಕಾಗಾಗಿ ಇರಬಹುದು, ದಮ್ಮು ಹತ್ತಿಯೂ ಇರಬಹುದು. ಅಷ್ಟರಲ್ಲಿ ಲೋಕಲ್ ಬಂದು ಕಣ್ಣಿಗೆ ಅಡ್ಡವಾಯಿತು.

ಆಮೇಲೆ ಕಾಕಾನನ್ನು ಪ್ರಾರ್ಥನೆಗೆ ಮತ್ತೆ ನಿಲ್ಲಿಸಿದರೇ? ಜಯಂತಿಯವರು ಒಮ್ಮೆ ಹೌದು ಎಂದರು, ಇನ್ನೊಮ್ಮೆ ಹಬ್ಬಕ್ಕೆ ಮಾತ್ರ ಎಂದರು. ಹೋಟೆಲಿಗೆ ಮತ್ತೆ ಬಂದರೇ ಎಂದರೆ, "ಬರ್ತಾರೆ, ಆದ್ರೆ ಮುಂಚಿನ ಹಾಗಲ್ಲ" ಎಂದರು. ಮುಂಚೆ ಹೇಗಿತ್ತು ಎಂದು ನಾನು ನೋಡಿಲ್ಲ.

ಒಂದೆರಡು ವರ್ಷ ಕಳೆದು ಬೇರೆ ಕೆಲಸಕ್ಕೆ ಪುಣೆಗೆ ಹೋದಾಗ ದಾರಿ ಬದಲಿಸಿ ಡೊಂಬಿವಲಿಗೆ ಹೋದೆ. ಅಂದು ಕಾಕಾ ಸಿಗಲಿಲ್ಲ. ಜಯಂತಿಯವರ ಶಾಲೆಯ ಕಾರಿಡಾರಿನಲ್ಲಿ ನಮ್ಮ ಫಲಕಗಳು ನಿಂತಿದ್ದವು. ಕೊನೆಯದನ್ನು ನಾನು ಬರೆದಿರಲಿಲ್ಲ. ಅದರಲ್ಲಿ ಪೋಲೆಂಡ್ ಇರಲಿಲ್ಲ, ಜರ್ಮನಿ ಇರಲಿಲ್ಲ. ಆ ಮೇಲ್ಸೇತುವೆಯ ಫ್ಲೆಕ್ಸಿನ ಚಿತ್ರ ಇತ್ತು. ನಡುವಿನ ಮುಖವನ್ನು ಮಸುಕು ಮಾಡಿದ್ದರು. ಶುಭೇಚ್ಛುಕರ ಮುಖಗಳನ್ನೂ ಒಂದೊಂದಾಗಿ ಮಸುಕು ಮಾಡಿದ್ದರು, ಒಂದನ್ನು ಬಿಟ್ಟು. ನಾನು ಹತ್ತಿರ ಹೋಗಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಕೋಟು ಹಾಕಿಕೊಂಡ ಸಾಮ್ಸನ್ ಕಾಕಾ. ಕೆಳಗೆ ಮರಾಠಿಯಲ್ಲೂ ಕನ್ನಡದಲ್ಲೂ ಅವರ ಪೂರ್ತಿ ಹೆಸರು.